ಗಣಕಯಂತ್ರ ಕೊಳ್ಳುವವರ ಹೊಣೆ: ಒಂದು ವಿದ್ಯಾರ್ಥಿ ಚಳವಳಿ

‘ನೈತಿಕ ಖರೀದಿ’ ಎಂಬ ಮಾತು ಪ್ರೌಢಶಾಲೆಯ ಮಕ್ಕಳಿಗೆ ಅಮೂರ್ತವಾಗಿ ಕೇಳಿಸುವುದು ಸಹಜ. ವಸ್ತುವಿನ ಬೆಲೆ, ಬಾಳಿಕೆಗಳನ್ನು ವಿಚಾರಿಸುವಂತೆಯೇ ಅದನ್ನು ಮಾಡಿದವರು ಯಾರು, ಯಾವ ಸ್ಥಿತಿಯಲ್ಲಿ ದುಡಿದರು ಎಂಬುದನ್ನೂ ವಿಚಾರಿಸಿ ಕೊಳ್ಳುವುದು ಎಂದು ಅರ್ಥವನ್ನು ಬಿಡಿಸಿ ಹೇಳಬಹುದು.

ವಿದ್ಯಾರ್ಥಿಯೊಬ್ಬನು ತಾನು ಕೊಳ್ಳುವ ಒಂದು ಲ್ಯಾಪ್‌ಟಾಪಿನ ಬಗ್ಗೆ ಕಂಪನಿಯನ್ನು ಹೀಗೆ ಪ್ರಶ್ನಿಸಿದರೆ ಉತ್ತರ ಬರುವುದು ಅಪರೂಪ. ವಿಶ್ವವಿದ್ಯಾಲಯವಾದರೋ ಪ್ರಯೋಗಾಲಯ, ಗ್ರಂಥಾಲಯ, ಕಚೇರಿಗಳಿಗೆಂದು ಯಂತ್ರಗಳನ್ನು ರಾಶಿರಾಶಿಯಾಗಿ ಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಹಲವು ವಿಶ್ವವಿದ್ಯಾಲಯಗಳು ಖರೀದಿ ಒಕ್ಕೂಟಗಳನ್ನು ಕಟ್ಟಿಕೊಂಡು ಒಟ್ಟಾಗಿ ಟೆಂಡರ್ ಕರೆಯುತ್ತವೆ. ಅಂಥ ಗ್ರಾಹಕನ ಮಾತನ್ನು ಕಂಪನಿಯು ಕಡೆಗಣಿಸಲಾರದು. ಆದುದರಿಂದಲೇ ವಿದ್ಯಾರ್ಥಿಗಳು ಬಹಿಷ್ಕಾರದ ಮಾತನ್ನು ಬದಿಗಿಟ್ಟು, ಖರೀದಿಯ ಕರಾರಿನಲ್ಲಿ ಕಾರ್ಮಿಕರ ಪರವಾದ ಷರತ್ತುಗಳನ್ನು ಸೇರಿಸಿರೆಂದು ಕೇಳಿದರು.

ಈ ದಾರಿಯು ಮೊದಲು ತೆರೆದದ್ದು ಬಟ್ಟೆಯ ವಿಷಯದಲ್ಲಿ. ಅಮೆರಿಕದ ವಿಶ್ವವಿದ್ಯಾಲಯಗಳ ಲಾಂಛನವಿರುವ ಅಂಗಿ, ಟೋಪಿಗಳನ್ನು ಹೊಲಿಯುವವರ ಕೂಲಿಯ ಬಗ್ಗೆ ಅಲ್ಲಿನ ವಿದ್ಯಾರ್ಥಿಗಳು 1990ರ ದಶಕದ ಕೊನೆಯಲ್ಲಿ ಧ್ವನಿಯೆತ್ತಿದರು. 2000ದಲ್ಲಿ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸ್ವತಂತ್ರ ತನಿಖಾ ಸಂಸ್ಥೆ ಹುಟ್ಟಿತು. ಗಣಕಯಂತ್ರಗಳತ್ತ ಲೋಕದ ಗಮನವನ್ನು ಸೆಳೆದ ವರ್ಷ 2010. ಚೀನಾದ ಶೆನ್‌ಜೆನ್‌ನಲ್ಲಿದ್ದ ಫಾಕ್ಸ್‌ಕಾನ್ ಕಾರ್ಖಾನೆಗಳ ಎಳೆಯ ಕಾರ್ಮಿಕರು ಒಬ್ಬರ ಹಿಂದೊಬ್ಬರಂತೆ ಆತ್ಮಹತ್ಯೆ ಮಾಡಿಕೊಂಡರು. ಹಾಂಗ್‌ಕಾಂಗ್‌ನ ವಿದ್ಯಾರ್ಥಿಗಳೂ ವಿದ್ವಾಂಸರೂ ಕೂಡಿ ಕಟ್ಟಿದ್ದ ‘ಸಾಕಾಂ’ ಸಂಘಟನೆಯು ಅಲ್ಲಿನ ದುಡಿಮೆಯ ಸ್ಥಿತಿಗತಿಗಳನ್ನು ಹೊರಗೆಡಹಿತು. ಕಾಂಗೋ ಗಣಿಗಳ ತವರ, ಟ್ಯಾಂಟಲಂ, ಟಂಗ್‌ಸ್ಟನ್, ಚಿನ್ನಗಳು ಸಶಸ್ತ್ರ ಗುಂಪುಗಳಿಗೆ ಹಣ ಒದಗಿಸುತ್ತಿವೆಯೆಂದು, ಅಮೆರಿಕದ ಡಾಡ್-ಫ್ರಾಂಕ್ ಕಾಯಿದೆಯು ಕಂಪನಿಗಳಿಂದ ಆ ಖನಿಜಗಳ ಮೂಲದ ಲೆಕ್ಕ ಕೇಳಿದ್ದೂ ಅದೇ ವರ್ಷ.

ಬ್ರಿಟನ್ನಿನ ‘ಪೀಪಲ್ ಅಂಡ್ ಪ್ಲಾನೆಟ್’ 1969ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾದ ವಿದ್ಯಾರ್ಥಿ ಜಾಲ. ಅದು ಯುರೋಪಿನ ಇತರ ಸಂಸ್ಥೆಗಳೊಡನೆ ಸೇರಿ ‘ಎಲೆಕ್ಟ್ರಾನಿಕ್ಸ್ ವಾಚ್’ ಎಂಬ ನಿಗಾ ಸಂಸ್ಥೆಯನ್ನು ಕಟ್ಟಲು ನೆರವಾಯಿತು. ಲಂಡನ್ನಿನ ವಿಶ್ವವಿದ್ಯಾಲಯಗಳ ಖರೀದಿ ಒಕ್ಕೂಟವು ಅದರ ಮೊದಲ ಸದಸ್ಯರಲ್ಲಿ ಒಂದು. ಸದಸ್ಯ ಸಂಸ್ಥೆಯು ಶುಲ್ಕ ಕೊಡುತ್ತದೆ. ಯಂತ್ರಗಳು ತಯಾರಾಗುವ ಕಾರ್ಖಾನೆಗಳನ್ನು ತಿಳಿಸಬೇಕೆಂಬ ಷರತ್ತನ್ನು ಮಾರಾಟಗಾರನ ಕರಾರಿನಲ್ಲಿ ಸೇರಿಸುತ್ತದೆ. ಬಳಿಕ ಆಯಾ ಊರಿನ ಕಾರ್ಮಿಕಪರ ಸಂಘಟನೆಗಳು ದುಡಿಯುವವರನ್ನು ಕಾರ್ಖಾನೆಯ ಹೊರಗೆ ಕಂಡು ಮಾತನಾಡಿಸುತ್ತವೆ. ಮುಂಚಿತವಾಗಿ ತಿಳಿಸಿ ಬರುವ ತಪಾಸಣೆಯಲ್ಲಿ ಎಷ್ಟು ಸತ್ಯ ಕಾಣಿಸೀತೆಂಬುದನ್ನು ಶಾಲಾ ತಪಾಸಣೆಯ ಹಿಂದಿನ ದಿನ ಗೋಡೆಗೆ ಸುಣ್ಣ ಬಳಿದದ್ದನ್ನು ಕಂಡ ನಮಗೆ ವಿವರಿಸಬೇಕಾಗಿಲ್ಲ.

ವಿಶ್ವವಿದ್ಯಾಲಯಗಳನ್ನು ಒಪ್ಪಿಸಲು ವಿದ್ಯಾರ್ಥಿಗಳು ಬಳಸಿದ ಒಂದು ಸಾಧನವು ಅಧ್ಯಾಪಕರಿಗೆ ಚಿರಪರಿಚಿತ: ಅಂಕಪಟ್ಟಿ. ಪರಿಸರ ಹಾಗೂ ನೈತಿಕ ನಡವಳಿಕೆಗಾಗಿ ವಿಶ್ವವಿದ್ಯಾಲಯಗಳಿಗೆ ಅಂಕ ಕೊಟ್ಟು 2007ರಿಂದ ಶ್ರೇಯಾಂಕ ಪ್ರಕಟಿಸುತ್ತಿದ್ದ ಈ ಜಾಲವು ನಿಗಾ ಸಂಸ್ಥೆಯ ಸದಸ್ಯತ್ವಕ್ಕೂ ಅಂಕವಿಟ್ಟಿತು. ಆದರೂ ಇಂಥ ಚಳವಳಿಗಳಿಗೆ ಒಂದು ಸಹಜ ದೌರ್ಬಲ್ಯವುಂಟು. ವಿದ್ಯಾರ್ಥಿಯು ಮೂರು ನಾಲ್ಕು ವರ್ಷಗಳಲ್ಲಿ ಪದವಿ ಪಡೆದು ಹೊರಡುತ್ತಾನೆ, ಖರೀದಿ ಅಧಿಕಾರಿ ಉಳಿಯುತ್ತಾನೆ. ಬಾಯಿಮಾತಿನ ಭರವಸೆಗಿಂತ ಬರಹದ ಷರತ್ತಿಗೆ ಪಟ್ಟುಹಿಡಿದದ್ದು ವಿವೇಕವೇ ಸರಿ.

ಗಡಿಭಾಗದ ಶಿಕ್ಷಕರಿಗೆ ಈ ವಿಷಯವು ದೂರದ್ದಲ್ಲ. ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ವೇತನದ ವಿಷಯವಾಗಿ ಗಲಭೆಯಾಯಿತು. ಕೆಲವರಿಗೆ ವೇತನ ಸರಿಯಾಗಿ ಸಂದಿಲ್ಲವೆಂದು ಕಂಪನಿ ಒಪ್ಪಿಕೊಂಡಿತು. ಲೋಪ ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆಪಲ್ ಸಾರಿತು. ಕೊಳ್ಳುವವನ ಮಾತಿಗಿರುವ ಬಲಕ್ಕೆ ಇದು ಸಮೀಪದ ನಿದರ್ಶನ. ಇಂದು ಹೊಸೂರಿನ ಆಸುಪಾಸಿನಲ್ಲಿಯೂ ಫೋನಿನ ಬಿಡಿಭಾಗಗಳು ತಯಾರಾಗುತ್ತವೆ. ನಿಮ್ಮ ತರಗತಿಯ ಮಗುವಿನ ಅಕ್ಕನೋ ಅಣ್ಣನೋ ಅಲ್ಲಿ ದುಡಿಯುತ್ತಿರಬಹುದು. ಆ ಮಗುವನ್ನು ಎಬ್ಬಿಸಿ ನಿಲ್ಲಿಸಿ ಮನೆಯ ಸಂಬಳ, ಪಾಳಿಗಳನ್ನು ಕೇಳುವುದು ಸಲ್ಲದು. ಅನುದ್ಯೋಗದ ಭಯವಿರುವ ಮನೆಯಲ್ಲಿ ಅಂಥ ಮಾತು ಹಗುರವಾದುದಲ್ಲ.

ಬದಲಿಗೆ, ಪತ್ರಲೇಖನದ ಪಾಠದಲ್ಲಿ ಇದನ್ನು ಅಳವಡಿಸಿರಿ. ಶಾಲೆಗೆ ಗಣಕಯಂತ್ರ ಒದಗಿಸುವ ಅಂಗಡಿಯವರಿಗೆ ಮುಖ್ಯೋಪಾಧ್ಯಾಯರ ಪರವಾಗಿ ಮಕ್ಕಳು ಒಂದು ವಿಚಾರಣಾ ಪತ್ರ ಬರೆಯಲಿ: ಯಂತ್ರವು ಎಲ್ಲಿ ತಯಾರಾಯಿತು, ದುರಸ್ತಿಗೆ ಬಿಡಿಭಾಗ ಎಷ್ಟು ವರ್ಷ ದೊರೆಯುವುದು, ಕೆಟ್ಟ ಬಳಿಕ ಹಿಂದಕ್ಕೆ ಕೊಳ್ಳುವರೇ? ಮೂರೇ ಪ್ರಶ್ನೆಗಳು ಸಾಕು. ಉತ್ತರ ಬಂದರೆ ತರಗತಿಯಲ್ಲಿ ಓದಿಸಿರಿ, ಬಾರದಿದ್ದರೆ ಜ್ಞಾಪನ ಪತ್ರ ಬರೆಯುವ ಕ್ರಮವನ್ನು ಕಲಿಸಿರಿ.