ಮೆಟಲ್ ಮೇಳದಲ್ಲಿ ಒಂದು ಸಂಜೆ

ಈ ತಲೆಬರಹವನ್ನು ಕಂಡೊಡನೆ ನಮ್ಮ ವಾಚಕರಲ್ಲಿ ಅನೇಕರು, ಅದರಲ್ಲಿಯೂ ಮನೆಯ ಹಿರಿಯರು, ಹುಬ್ಬು ಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ಉದ್ದ ಕೂದಲು, ಕರಿಯ ಅಂಗಿ, ಕಿವಿಗಡಚಿಕ್ಕುವ ಸದ್ದು, ಇಷ್ಟೇ ಮೆಟಲ್ ಸಂಗೀತವೆಂದು ತಿಳಿದವರು ಬಹಳ ಮಂದಿ. ಅವರನ್ನು ನಾವು ದೂರುವುದಿಲ್ಲ. ಏಕೆಂದರೆ ನಮ್ಮ ಮನೆಯಲ್ಲಿಯೇ ಈ ಅಭಿಪ್ರಾಯವು ಬಹುಕಾಲ ಬೇರೂರಿ ನಿಂತಿದ್ದಿತು. ಹವ್ಯಾಸಕ್ಕಾಗಿ ಇಂತಹದೊಂದು ಮೇಳವನ್ನು ಕಟ್ಟಿಕೊಂಡು, ಜನರ ಮುಂದೆ ಮೊದಲ ಸಲ ನುಡಿಸಿದ ಸಂಜೆಯ ವೃತ್ತಾಂತವನ್ನು ಇಲ್ಲಿ ನಿವೇದಿಸುವೆವು. ವಾಚಕರು ಮೆಚ್ಚಲೇಬೇಕೆಂಬ ಹಟ ನಮಗಿಲ್ಲ. ಪೂರ್ತಿಯಾಗಿ ಕೇಳಿದ ಮೇಲೆ ತೀರ್ಪು ಕೊಡಲಿ ಎಂಬುದಷ್ಟೇ ನಮ್ಮ ಬಿನ್ನಹ.

ನಮ್ಮ ಊರು ಬಿ.ಜಿ. ಕೆರೆ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿರುವ, ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ ಊರು. ಮಳೆ ಕಡಿಮೆ, ಬಿಸಿಲು ಹೆಚ್ಚು; ಶೇಂಗಾ ಬೆಳೆದರೆ ಮನೆ ನಡೆಯುವುದು, ಬೆಳೆಯದಿದ್ದರೆ ಮಕ್ಕಳು ಉದ್ಯೋಗವನ್ನರಸಿ ಬೆಂಗಳೂರಿಗೆ ಹೊರಡುವರು. ನಾವೂ ಹಾಗೆ ಹೊರಟವರೇ. ಬೆಂಗಳೂರಿನಲ್ಲಿ ದುಡಿಮೆಯ ಜೊತೆಗೆ ಗಿಟಾರನ್ನು ಕಲಿತೆವು. ರಜಾ ದಿನಗಳಲ್ಲಿ ಅದನ್ನು ಹೆಗಲಿಗೇರಿಸಿಕೊಂಡು ಊರಿಗೆ ಬಂದಾಗ, ನಮ್ಮ ತಂದೆಯವರು ಒಂದು ದಿನ ನಮ್ಮ ಮೊಬೈಲಿನಲ್ಲಿ ಈ ಸಂಗೀತವನ್ನು ಎರಡು ನಿಮಿಷ ಕೇಳಿ, ನಿಧಾನವಾಗಿ ಹೀಗೆಂದರು: "ಉರುಮೆ ಬಡಿಯೋರಿಗೂ ಒಂದು ಕಟ್ಟಳೆ ಐತೆ. ನಿಮ್ಮ ಗದ್ದಲಕ್ಕೆ ಏನು ಕಟ್ಟಳೆ ಐತಪ್ಪ?"

ಉರುಮೆಯನ್ನು ಕಂಡರಿಯದ ವಾಚಕರಿಗಾಗಿ ಎರಡು ಮಾತು. ಅದು ಎರಡು ಮುಖದ ಚರ್ಮವಾದ್ಯ. ಒಂದು ಮುಖವನ್ನು ಕೋಲಿನಿಂದ ಬಡಿಯುವರು. ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುವರು. ಉಜ್ಜಿದಾಗ ಹೊರಡುವ ನಾದವು ಯಾವುದೋ ಮೃಗವು ಗುಹೆಯೊಳಗೆ ಗುರುಗುಟ್ಟಿದಂತೆ ಇರುವುದು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ದೇವರ ಉತ್ಸವಗಳಲ್ಲಿ ಈ ನಾದವನ್ನು ಕೇಳಿ ಬೆಳೆದವರು ನಾವು. ಆದಕಾರಣ ತಂದೆಯವರ ಪ್ರಶ್ನೆಯು ನಮ್ಮನ್ನು ಚುಚ್ಚಿತು. ಗುರುಗುಟ್ಟುವ ನಾದವು ಅವರಿಗೆ ಹೊಸದಲ್ಲ. ಅದರ ಹಿಂದೆ ಒಂದು ಶಿಸ್ತುಂಟೇ ಎಂಬುದೇ ಅವರ ಸಂಶಯ.

ಮೆಟಲ್ ಸಂಗೀತವು ಹುಟ್ಟಿದ್ದು ಶ್ರೀಮಂತರ ದಿವಾನಖಾನೆಯಲ್ಲಿ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ನಗರ. ಅಲ್ಲಿ ಟೋನಿ ಅಯೋಮಿ ಎಂಬ 17 ವರ್ಷದ ಹುಡುಗನು ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ, ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡನು. ಅವನು ಎಡಚ, ಬಲಗೈಯಿಂದಲೇ ತಂತಿಗಳನ್ನು ಒತ್ತಬೇಕಾಗಿದ್ದಿತು. ಎದೆಗುಂದದೆ ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡನು. ತೆಳುವಾದ ತಂತಿಗಳನ್ನು ಕಟ್ಟಿದನು. ಮುಂದೆ ತಂತಿಗಳ ಬಿಗಿತವನ್ನೂ ಸಡಿಲಿಸಿ ಶ್ರುತಿಯನ್ನು ತಗ್ಗಿಸಿದನು. ತಗ್ಗಿದ ಶ್ರುತಿಯಿಂದ ನಾದವು ಇನ್ನಷ್ಟು ಘನವಾಯಿತು. ಅವನೂ ಅವನ ಗೆಳೆಯರೂ 1968ರಲ್ಲಿ ಕಟ್ಟಿದ ಬ್ಲ್ಯಾಕ್ ಸಬ್ಬತ್ ಮೇಳದ ಮೊದಲ ಧ್ವನಿಮುದ್ರಿಕೆಯು 1970ರ ಫೆಬ್ರವರಿ 13ರಂದು ಹೊರಬಂದಿತು. 2025ರ ಜುಲೈ 5ರಂದು ಅದೇ ನಗರದಲ್ಲಿ ಅವರು ಕಡೆಯ ಸಲ ನುಡಿಸಿದರು; ಗಾಯಕ ಆಜಿ ಆಸ್ಬರ್ನ್ ಅದೇ ತಿಂಗಳ 22ರಂದು ತೀರಿಕೊಂಡರು.

ಇನ್ನು ಆ ಕರ್ಕಶ ನಾದದ ಗುಟ್ಟು. ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದಕ್ಕೆ ಸುತ್ತಿದ ತಾಮ್ರದ ತಂತಿಯೂ ಇರುವುವು. ಉಕ್ಕಿನ ತಂತಿ ಕಂಪಿಸಿದಂತೆ ಆ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುವುದು. ಆಂಪ್ಲಿಫಯರ್ ಅದನ್ನು ಹಿಗ್ಗಿಸುವುದು. ತಾಳಲಾರದಷ್ಟು ಹಿಗ್ಗಿಸಿದಾಗ ಧ್ವನಿಯ ಅಲೆಯ ತುದಿಗಳು ಕತ್ತರಿಸಿಹೋಗಿ, ಮೂಲಸ್ವರದೊಡನೆ ಅನೇಕ ಉಪಸ್ವರಗಳು ಎದ್ದು ನಿಲ್ಲುವುವು. ಇದೇ ಆ ಗುರುಗು. ಇಂತಹ ನಾದದಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಎಲ್ಲವೂ ಕೆಸರಾಗುವುದು. ಆದುದರಿಂದ ಮೆಟಲ್ ವಾದಕರು ಬಹುಪಾಲು ಎರಡೇ ಸ್ವರಗಳನ್ನು ಜೊತೆಗೂಡಿಸುವರು: ಷಡ್ಜ ಮತ್ತು ಪಂಚಮ. ನಮ್ಮ ತಂಬೂರಿಯಲ್ಲಿ ಮಿಡಿಯುವ ಸ್ವರಗಳೇ ಇವು! ಈ ಸಂಗತಿಯನ್ನು ತಿಳಿದಂದು ನಮಗಾದ ಸಂತೋಷವು ಇಷ್ಟಿಷ್ಟಲ್ಲ.

ನಮ್ಮ ಮೇಳದಲ್ಲಿ ನಾಲ್ವರು. ಹಾಡುವವನೊಬ್ಬ, ಬೇಸ್ ಗಿಟಾರಿನವನೊಬ್ಬ, ಗಿಟಾರಿಗೆ ನಾವು, ಡ್ರಮ್‌ಗಳಿಗೆ ಮೊಳಕಾಲ್ಮೂರಿನ ನೇಕಾರರ ಮನೆಯ ಗೆಳೆಯ. ರೇಷ್ಮೆ ಸೀರೆಗೆ ಹೆಸರಾದ ಆ ಊರಿನಲ್ಲಿ ಅವನು ಮಗ್ಗದ ಸದ್ದಿನೊಳಗೇ ಬೆಳೆದವನು. ಕುಳಿಯಲ್ಲಿ ಕಾಲಿಳಿಬಿಟ್ಟು ಹಲಗೆಗಳನ್ನು ತುಳಿಯುತ್ತ, ಕೈಯಲ್ಲಿ ಲಾಳಿಯನ್ನು ಓಡಿಸುವ ತಂದೆಯನ್ನು ಎಳೆವೆಯಿಂದ ನೋಡಿದವನಿಗೆ, ಎರಡು ಕಾಲುಗಳಿಂದ ದೊಡ್ಡ ಡ್ರಮ್ಮನ್ನು ಬಡಿಯುತ್ತ ಎರಡು ಕೈಗಳಿಂದ ಬೇರೆ ಲಯವನ್ನು ನುಡಿಸುವ ವಿದ್ಯೆಯು ಅಷ್ಟೇನೂ ವಿಚಿತ್ರವೆನಿಸಲಿಲ್ಲವಂತೆ. "ಡ್ರಮ್ ಹಾಸು, ಗಿಟಾರು ಹೊಕ್ಕು. ಹಾಸು ಸಡಿಲವಾದರೆ ಸೀರೆಯೇ ಇಲ್ಲ" ಎಂಬುದು ಅವನ ಮಾತು. ನಾವು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಅಭ್ಯಾಸದ ಕೋಣೆಯನ್ನು ಹಿಡಿಯುತ್ತಿದ್ದೆವು. ಬಾಡಿಗೆಯ ಭಯದಿಂದಲೇ ಹರಟೆಯು ಕಡಿಮೆಯಾಗಿ ಅಭ್ಯಾಸವು ಹೆಚ್ಚಿತೆಂದು ಒಪ್ಪಿಕೊಳ್ಳಬೇಕು.

ಮೊದಮೊದಲು ನಾವು ಮಾಡಿದ ತಪ್ಪೆಂದರೆ, ಪ್ರತಿಯೊಬ್ಬನೂ ತನ್ನ ವಾದ್ಯವೇ ಕೇಳಿಸಲೆಂದು ಧ್ವನಿಯನ್ನು ಏರಿಸುತ್ತ ಹೋದದ್ದು. ಒಬ್ಬನು ಏರಿಸಿದರೆ ಇನ್ನೊಬ್ಬನು ಏರಿಸುವನು. ಕಡೆಗೆ ಒಂದು ರಾತ್ರಿ ಡ್ರಮ್ಮಿನ ಗೆಳೆಯನು ಮನೆಗೆ ಹೋಗಿ ಮಲಗಿದಾಗ, ಕಿವಿಯಲ್ಲಿ ಜೀರುಂಡೆ ಕೂಗಿದಂತಹ ಸದ್ದು ಬೆಳಗಿನವರೆಗೂ ನಿಲ್ಲಲಿಲ್ಲ. ಎರಡನೆಯ ದಿನವೂ ಇದ್ದಿತು. ಕಿವಿಯ ವೈದ್ಯರು ಪರೀಕ್ಷಿಸಿ, "ಈ ಸಲ ತಾನಾಗಿ ಇಳಿಯಬಹುದು, ಪ್ರತಿ ಸಲವೂ ಇಳಿಯುವುದೆಂದು ನಂಬಬೇಡಿ" ಎಂದರು. ಆ ಮಾತು ನಮ್ಮೆಲ್ಲರನ್ನೂ ನಡುಗಿಸಿತು.

ಮಕ್ಕಳಿರುವ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ವಿಷಯವಿದು. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ದುಡಿಮೆಯ ಸ್ಥಳಗಳಿಗಾಗಿ ತಜ್ಞರು ಹಾಕಿಕೊಟ್ಟ ಒಂದು ಲೆಕ್ಕದಂತೆ, 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು; ಮುಂದೆ ಪ್ರತಿ 3 ಡೆಸಿಬೆಲ್ಲಿಗೂ ಕಾಲವು ಅರ್ಧಕ್ಕಿಳಿಯುವುದು. ಹಾಗೆ ಇಳಿಯುತ್ತ ಬಂದರೆ 100 ಡೆಸಿಬೆಲ್ಲಿಗೆ ಉಳಿಯುವುದು ಬರಿಯ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತದ ಸಭಾಂಗಣಗಳಿಗೆ ಹೇಳಿದ ಎಲ್ಲೆಯೂ, 15 ನಿಮಿಷಗಳ ಸರಾಸರಿಯಲ್ಲಿ, 100 ಡೆಸಿಬೆಲ್ಲೇ. ಹತ್ತಿಯನ್ನು ತುರುಕಿಕೊಂಡರೆ ಸಾಲದು. ಇದಕ್ಕಾಗಿಯೇ ಮಾಡಿದ ಕಿವಿಬೆಣೆಗಳು ಔಷಧಿ ಅಂಗಡಿಯಲ್ಲಿ ಸಿಕ್ಕುವುವು. ಅವನ್ನು ಧರಿಸಲು ನಾಚಬಾರದು. ನಾವು ಅಂದಿನಿಂದ ಬೆಣೆಗಳನ್ನು ಹಾಕಿಕೊಂಡೆವು, ಧ್ವನಿಯನ್ನೂ ಇಳಿಸಿದೆವು. ಇಳಿಸಿದ ಮೇಲೆ ಒಂದು ಆಶ್ಚರ್ಯವನ್ನು ಕಂಡೆವು: ಒಬ್ಬರು ಮಾಡುವ ತಪ್ಪು ಇನ್ನೊಬ್ಬರಿಗೆ ಕೇಳಿಸತೊಡಗಿತು!

ಬೆಂಗಳೂರಿಗೆ ಈ ಸಂಗೀತವು ಹೊಸದಲ್ಲ. 1998ರಲ್ಲಿ ಅಲ್ಲಿ ಹುಟ್ಟಿದ ಕ್ರಿಪ್ಟಾಸ್ ಎಂಬ ಮೇಳವು 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದಿತು. ಅರಮನೆ ಮೈದಾನದಲ್ಲಿ 2007ರ ಮಾರ್ಚಿಯಲ್ಲಿ ಐರನ್ ಮೇಡನ್ ಮೇಳವೂ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಮೇಳವೂ ಕಿಕ್ಕಿರಿದ ಜನರ ಮುಂದೆ ನುಡಿಸಿದುವು. ನಮ್ಮ ಕಥೆ ಇವುಗಳ ಮುಂದೆ ಕಡಲ ಮುಂದಿನ ಕೊಡದಂತೆ. ನಾಲ್ಕು ಹವ್ಯಾಸಿ ಮೇಳಗಳವರು ಕೂಡಿ ಒಂದು ಚಿಕ್ಕ ಸಭಾಂಗಣವನ್ನು ಬಾಡಿಗೆಗೆ ಹಿಡಿದೆವು. ರಾತ್ರಿ ತಡವಾಗಬಾರದೆಂದು ಸಂಜೆ 5ಕ್ಕೇ ಆರಂಭ. ನಮ್ಮ ಪಾಲಿಗೆ ಅರ್ಧ ಗಂಟೆ, ಆರು ಹಾಡು.

ತಂಗಿಯ ಮನೆಗೆಂದು ಊರಿನಿಂದ ಬಂದಿದ್ದ ನಮ್ಮ ಅವ್ವ, ತಾನೂ ಬರುವೆನೆಂದಳು. ನಾವು ಬೇಡವೆಂದೆವು. "ನಿಮ್ಮಪ್ಪ ಕೇಳ್ತಾರೆ, ನಾನು ನೋಡಿ ಹೇಳ್ಬೇಕು" ಎಂದು ಅವಳು ಸೆರಗು ಹೊದ್ದು ಹೊರಟೇಬಿಟ್ಟಳು. ಅವಳಿಗೂ ಒಂದು ಜೊತೆ ಕಿವಿಬೆಣೆಯನ್ನು ತಂದು, ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳ್ಳಿರಿಸಿದೆವು. ಕರಿಯಂಗಿಯ ತರುಣನೊಬ್ಬನು ಕೂಡಲೇ ಎದ್ದುಹೋಗಿ ಅವಳಿಗೆ ನೀರು ತಂದುಕೊಟ್ಟನು.

ವೇದಿಕೆಯ ಮೇಲೆ ನಿಂತಾಗ ನಮ್ಮ ಅಂಗೈ ಬೆವೆತು ತಂತಿಗಳು ಜಾರುತ್ತಿದ್ದುವು. ಗೆಳೆಯನು ಕೋಲಿಗೆ ಕೋಲು ತಾಡಿಸಿ ನಾಲ್ಕು ಎಣಿಸಿದನು, ಹಾಡು ಎದ್ದಿತು. ಮೊದಲ ಎರಡು ಹಾಡುಗಳು ಸಾಂಗವಾಗಿ ನಡೆದುವು. ಮೂರನೆಯದರ ನಡುವೆ ನಮ್ಮ ಕಾಲಬಳಿಯಿದ್ದ ಧ್ವನಿಪೆಟ್ಟಿಗೆಗಳು ಒಮ್ಮೆಲೇ ಮೌನವಾದುವು. ವಾಚಕರು ಇದರ ಅನರ್ಥವನ್ನು ಅರಿಯಬೇಕು. ದೊಡ್ಡ ಪೆಟ್ಟಿಗೆಗಳು ಜನರ ಕಡೆಗೆ ಮುಖಮಾಡಿರುವುವು. ನುಡಿಸುವವರು ತಮ್ಮನ್ನು ತಾವು ಕೇಳಿಕೊಳ್ಳಲು ಈ ಚಿಕ್ಕ ಪೆಟ್ಟಿಗೆಗಳೇ ಗತಿ. ಅವು ಕೈಕೊಟ್ಟರೆ ಕೇಳಿಸುವುದು ಹಿಂದಿನ ಗೋಡೆಗೆ ತಾಗಿ ತಡವಾಗಿ ಮರಳುವ ಪ್ರತಿಧ್ವನಿ ಮಾತ್ರ. ಅದನ್ನು ನಂಬಿದವನು ಲಯ ತಪ್ಪಿದನೆಂದೇ ತಿಳಿಯಿರಿ. ಹಾಡುವವನ ಸ್ವರವು ಅತ್ತಿತ್ತ ಅಲೆಯಿತು. ನಾವು ಎರಡು ಆವರ್ತ ದಾರಿ ತಪ್ಪಿದೆವು.

ಅದಕ್ಕಿಂತಲೂ ಮುಂದೆ ಗಂಡಾಂತರವಿದ್ದಿತು. ಆ ಹಾಡಿನ ಕೊನೆಯಲ್ಲಿ ನಾಲ್ವರೂ ಒಮ್ಮೆಗೇ ನಿಂತು, ನಾಲ್ಕು ಎಣಿಕೆಯಷ್ಟು ಮೌನವಾಗಿದ್ದು, ಮತ್ತೆ ಒಂದೇ ಏಟಿಗೆ ಎದ್ದೇಳಬೇಕು. ಒಬ್ಬನು ತಪ್ಪಿದರೂ ಸಭೆಗೆಲ್ಲ ತಿಳಿಯುವುದು. ಆಗ ನಮಗೆ ಊರಿನ ಉರುಮೆಯವರು ನೆನಪಾದರು. ಎಷ್ಟೇ ಗದ್ದಲವಿರಲಿ, ಅವರು ಒಬ್ಬರಿಗೊಬ್ಬರು ಒತ್ತಾಗಿ ನಿಂತು, ಎದುರಿನವನ ಕೋಲನ್ನು ನೋಡುತ್ತ ಬಡಿಯುವರು. ನಾವು ಸಭೆಗೆ ಬೆನ್ನು ತಿರುಗಿಸಿ ಗೆಳೆಯನ ಡ್ರಮ್ಮಿನ ಪಕ್ಕಕ್ಕೆ ಸರಿದೆವು. ಬೇಸಿನವನೂ ಸರಿದನು, ಹಾಡುವವನೂ ಸರಿದನು. ಗೆಳೆಯನ ಕೈ ಮೇಲೇರುವುದನ್ನೂ ಕಾಲು ಇಳಿಯುವುದನ್ನೂ ಕಣ್ಣಿಂದಲೇ ಕೇಳಿದೆವು ಎಂದರೆ ತಪ್ಪಾಗದು. ಕೈ ನಿಂತಿತು, ನಿಂತೆವು. ಒಂದು, ಎರಡು, ಮೂರು, ನಾಲ್ಕು. ಸಭಾಂಗಣದಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಮರುಕ್ಷಣವೇ ನಾಲ್ವರೂ ಒಂದೇ ಏಟಿಗೆ ಬಿದ್ದೆವು.

ಕೆಟ್ಟ ಪೆಟ್ಟಿಗೆಗಳು ಸರಿಯಾಗಲೇ ಇಲ್ಲ. ಉಳಿದ ಮೂರು ಹಾಡುಗಳನ್ನು ಹಾಗೆಯೇ ಗುಂಪುಗೂಡಿ ನಿಂತು ನುಡಿಸಿದೆವು. ಸಭಿಕರು ಅರುವತ್ತು ಎಪ್ಪತ್ತು ಮಂದಿ ಇದ್ದಿರಬಹುದು. ಅವರು ತಟ್ಟಿದ ಚಪ್ಪಾಳೆಯು ನಮ್ಮ ಪಾಲಿಗೆ ಅರಮನೆ ಮೈದಾನದ್ದೇ ಆಗಿದ್ದಿತು. ಸಂಪಾದನೆಯ ಮಾತನ್ನು ಕೇಳಬೇಡಿ. ಟಿಕೀಟಿನ ಹಣವೆಲ್ಲ ಬಾಡಿಗೆಗೆ ಸಂದು, ಮನೆಗೆ ಮರಳುವ ಆಟೋಗೆ ಕೈಯಿಂದಲೇ ಕೊಟ್ಟೆವು.

ಆಟೋದಲ್ಲಿ ಅವ್ವ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಾಡು ನನಗೆ ಒಂದೂ ತಿಳೀಲಿಲ್ಲಪ್ಪ" ಎಂದಳು. ನಮ್ಮ ಮುಖವು ಬಾಡಿತು. "ಆದ್ರೆ ಆ ಮೊಳಕಾಲ್ಮೂರಿನ ಹುಡುಗ ಮಗ್ಗ ತುಳಿದಂಗೇ ತುಳೀತಾನೆ. ಮತ್ತೆ ಅಷ್ಟು ಗದ್ದಲ ಮಾಡೋರು ನಾಲ್ಕೂ ಜನ ಒಂದೇ ಸಾರಿ ಸುಮ್ಮನಾದ್ರಲ್ಲ, ಅದು ಚೆಂದಿತ್ತು."

ಮನೆಗೆ ಬಂದವಳೇ ಊರಿಗೆ ಫೋನು ಮಾಡಿದಳು. ನಾವು ಅಡುಗೆಮನೆಯಲ್ಲಿ ನೀರು ಕುಡಿಯುವ ನೆಪದಿಂದ ನಿಂತು ಕೇಳಿದೆವು. ಬೆಳೆಯ ಮಾತು, ದನದ ಮಾತು ಮುಗಿದ ಮೇಲೆ ಅವಳ ಧ್ವನಿ ಸ್ವಲ್ಪ ತಗ್ಗಿತು. "ಕಟ್ಟಳೆ ಐತೆ ಕಣ್ರೀ. ನಾನೇ ಕಣ್ಣಾರೆ ನೋಡ್ದೆ." ಅತ್ತ ಕಡೆಯಿಂದ ತಂದೆಯವರು ಏನೆಂದರೋ ನಮಗೆ ಕೇಳಿಸಲಿಲ್ಲ. ಅವ್ವ ನಮ್ಮ ಕಡೆ ತಿರುಗಿ, "ಹುಡುಗರು ಉಂಡ್ರಾ ಅಂತ ಕೇಳ್ತಾರೆ" ಎಂದಳು.

ವಾಚಕರೇ, ನಿಮ್ಮ ಮನೆಯ ಮಗನೋ ಮಗಳೋ ಇಂತಹ ಗದ್ದಲವನ್ನು ಕಟ್ಟಿಕೊಂಡು ಕುಳಿತಿದ್ದರೆ, ಬಾಗಿಲು ಮುಚ್ಚಿಸುವ ಮೊದಲು ಒಂದು ಸಂಜೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿರಿ. ಕಿವಿಬೆಣೆಯನ್ನು ಮಾತ್ರ ಮರೆಯದಿರಿ.