ಅಂಗೈ ಮೇಲೊಂದು ಶೆರ್ಮನ್ ಟ್ಯಾಂಕ್: ಎಲ್ಲವನ್ನೂ 72ರಿಂದ ಗುಣಿಸಿ ನೋಡಿ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಪ್ಲಾಸ್ಟಿಕ್ ಮಾಡೆಲ್ ಕಿಟ್. ಉದಾಹರಣೆಗೆ ಒಂದನ್ನ ತಗೊಳ್ಳೋಣ: ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕ್ ಎಂ4 ಶೆರ್ಮನ್, 1:72 ಅಳತೆಯಲ್ಲಿ.

1:72 ಅಂದ್ರೆ ಏನು?

ನಿಜವಾದ ಟ್ಯಾಂಕಿನ 72ರಲ್ಲಿ ಒಂದು ಪಾಲು. ಆರು ಅಡಿ ಅಂದ್ರೆ 72 ಇಂಚು, ಹಾಗಾಗಿ ಆರಡಿ ಮನುಷ್ಯ ಇಲ್ಲಿ ಸರಿಯಾಗಿ ಒಂದು ಇಂಚು. ಶೆರ್ಮನ್‌ನ ಉದ್ದ ಸುಮಾರು 5.8 ಮೀಟರ್. ಮಾಡೆಲ್ 8 ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತೆ.

ಕಾಮರ್ಸ್ ಓದಿದವರಿಗೆ 72 ಅಂದ ತಕ್ಷಣ ‘ರೂಲ್ ಆಫ್ 72’ ನೆನಪಾಗುತ್ತೆ. 8 ಪರ್ಸೆಂಟ್ ಬಡ್ಡಿಗೆ ದುಡ್ಡು ಡಬಲ್ ಆಗೋಕೆ ಸುಮಾರು 9 ವರ್ಷ ಅನ್ನೋ ಲೆಕ್ಕ. ಅಲ್ಲಿ ಭಾಗಿಸ್ತೀವಿ, ಇಲ್ಲಿ ಗುಣಿಸಬೇಕು. ಈ ಕೆಲಸದ ಗುಟ್ಟು ಇಷ್ಟೇ: ಕೈಯಲ್ಲಿ ಆಗೋ ಪ್ರತಿಯೊಂದು ಸಣ್ಣ ಹೆಚ್ಚು-ಕಮ್ಮಿಯೂ 72 ಪಟ್ಟು ಕಾಣುತ್ತೆ.

ಕತ್ತರಿಸೋದು, ಅಂಟಿಸೋದು

ಬಿಡಿಭಾಗಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಮೊದಲು ಸೋಪು ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯಲ್ಲ. ಕೈಯಿಂದ ಮುರೀಬೇಡಿ, ನಿಪ್ಪರ್‌ನಿಂದ ಕತ್ತರಿಸಿ. ಉಳಿದ ಮೊಳಕೆಯನ್ನ ಎಮರಿ ಪೇಪರ್‌ನಿಂದ ಉಜ್ಜಿ. ಅರ್ಧ ಮಿಲಿಮೀಟರ್ ಬಿಟ್ಟರೆ ನಿಜವಾದ ಟ್ಯಾಂಕ್ ಮೇಲೆ ಮೂರೂವರೆ ಸೆಂಟಿಮೀಟರ್ ಗಡ್ಡೆ ಬಿಟ್ಟ ಹಾಗೆ!

ಅಂಟಿಸೋದಕ್ಕೆ ಮಾಡೆಲ್ ಸಿಮೆಂಟ್ ಬೇಕು. ಇದು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಎರಡು ಭಾಗಗಳನ್ನ ಬೆಸೆಯುತ್ತೆ, ಒಂಥರಾ ವೆಲ್ಡಿಂಗ್. ಸಿಮೆಂಟ್ ಹಚ್ಚೋ ಮೊದಲು ಭಾಗಗಳನ್ನ ಸುಮ್ಮನೆ ಜೋಡಿಸಿ ನೋಡಿ. ಆಮೇಲೆ ಸಂದಿಗೆ ಬ್ರಷ್‌ನಿಂದ ಒಂದೇ ಒಂದು ಹನಿ ಮುಟ್ಟಿಸಿ, ತಾನಾಗಿ ಒಳಗೆ ಹರಿಯುತ್ತೆ. ವಾಸನೆ ತಲೆಗೆ ಹತ್ತುತ್ತೆ, ಕಿಟಕಿ ತೆಗೆದಿರಲಿ.

ಬಣ್ಣ

ದಪ್ಪಗೆ ಒಂದು ಕೋಟ್ ಬೇಡ, ತೆಳ್ಳಗೆ ಎರಡು ಮೂರು ಕೊಡಿ. 0.1 ಮಿಲಿಮೀಟರ್ ಬಣ್ಣ ಅಂದ್ರೆ ಆ ಲೆಕ್ಕದಲ್ಲಿ 7 ಮಿಲಿಮೀಟರ್. ಬೋಲ್ಟ್, ಕೀಲು ಎಲ್ಲಾ ಮುಚ್ಚಿಹೋಗುತ್ತೆ.

ಮಾಡೆಲನ್ನ ನಾವು ಕಣ್ಣಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ನೋಡ್ತೀವಿ. 72ರಿಂದ ಗುಣಿಸಿದರೆ ಇಪ್ಪತ್ತೊಂದೂವರೆ ಮೀಟರ್. ದೂರದಿಂದ ನೋಡಿದಾಗ ಬಣ್ಣ ಸ್ವಲ್ಪ ಮಾಸಿದ ಹಾಗೆ ಕಾಣುತ್ತಲ್ವಾ? ಅದಕ್ಕೇ ಅನೇಕ ಮಾಡೆಲರ್‌ಗಳು ಆಲಿವ್ ಹಸಿರಿಗೆ ಚೂರು ತಿಳಿ ಬಣ್ಣ ಬೆರೆಸ್ತಾರೆ.

ಸ್ಟಿಕರ್ ಥರ ಬರೋ ಗುರುತುಗಳಿಗೆ ಡೀಕಲ್ ಅಂತಾರೆ. ಮೊದಲು ಹೊಳಪಿನ ವಾರ್ನಿಷ್ ಕೊಟ್ಟು, ಆಮೇಲೆ ಡೀಕಲನ್ನ ನೀರಲ್ಲಿ ನೆನೆಸಿ ಜಾರಿಸಿ ಕೂರಿಸಿ. ಒರಟು ಮೇಲ್ಮೈ ಮೇಲೆ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತೆ. ಕೊನೆಗೆ ಮ್ಯಾಟ್ ವಾರ್ನಿಷ್ ಕೊಟ್ಟರೆ ಹೊಳಪು ಹೋಗುತ್ತೆ.

ಈಗ ಲೆಕ್ಕ ತಿರುಗಿಸೋಣ

ಇಲ್ಲಿವರೆಗೆ ಗುಣಿಸಿದ್ವಿ, ಒಂದ್ಸಲ ಭಾಗಿಸಿ ನೋಡಿ. ಮೊದಮೊದಲ ಶೆರ್ಮನ್‌ಗಳ ಮುಂಭಾಗದ ಉಕ್ಕಿನ ತಗಡು 51 ಮಿಲಿಮೀಟರ್ ದಪ್ಪ. ಮಾಡೆಲ್ ಅಳತೆಯಲ್ಲಿ 0.7 ಮಿಲಿಮೀಟರ್. ನಿಮ್ಮ ಪರ್ಸಲ್ಲಿರೋ ಎಟಿಎಂ ಕಾರ್ಡ್ ಇದಕ್ಕಿಂತ ಕೂದಲೆಳೆಯಷ್ಟು ದಪ್ಪ. ಆ ತಗಡಿನ ಹಿಂದೆ ಐದು ಜನ ಕೂತಿರ್ತಿದ್ರು: ಕಮಾಂಡರ್, ಗನ್ನರ್, ಲೋಡರ್, ಡ್ರೈವರ್, ಜೊತೆಗೊಬ್ಬ ಸಹ ಡ್ರೈವರ್.

ಇದು ಬರೀ ಅಮೆರಿಕದ ಕಥೆಯೂ ಅಲ್ಲ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್ ಕರಣ್ ಹತ್ತಿರ ಅಸಲ್ ಉತ್ತರ್ ಕದನದಲ್ಲಿ ನಮ್ಮ ಡೆಕ್ಕನ್ ಹಾರ್ಸ್ ರೆಜಿಮೆಂಟ್ ಶೆರ್ಮನ್‌ಗಳಲ್ಲೇ ಕೂತು ಹೋರಾಡಿತು. ಎದುರಿಗಿದ್ದದ್ದು ಹೊಸ ಪೀಳಿಗೆಯ ಪ್ಯಾಟನ್ ಟ್ಯಾಂಕ್‌ಗಳು.

ಈ ಲೆಕ್ಕ ಒಮ್ಮೆ ತಲೆಗೆ ಹೋದರೆ, ಕಿಟ್ ಬರೀ ಆಟಿಕೆಯಾಗಿ ಉಳಿಯಲ್ಲ. ಹ್ಯಾಚ್ ಅಂಟಿಸುವಾಗ, ಬೆಂಕಿ ಬಿದ್ದರೆ ಇದರಿಂದಲೇ ಆಚೆ ಬರಬೇಕಿತ್ತಲ್ಲ ಅನ್ಸುತ್ತೆ.

ಶಿರಡಿಗೆ ಹೋಗೋ ಪ್ಲಾನ್ ಇದ್ದರೆ, ಅದೇ ಜಿಲ್ಲೆಯ ಅಹ್ಮದ್‌ನಗರದಲ್ಲಿ, ಅಂದ್ರೆ ಈಗಿನ ಅಹಿಲ್ಯಾನಗರದಲ್ಲಿ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ನಿಜವಾದ ಟ್ಯಾಂಕ್ ಪಕ್ಕ ಒಂದ್ಸಲ ನಿಂತು ಬನ್ನಿ. ಕಿಟ್ಟಿನ ಡಬ್ಬ ಆಮೇಲೆ ತೆಗೀರಿ.

ಮತ್ತೆ ಸಿಗೋಣ.