ನಿಮಗಿದು ಗೊತ್ತೆ? ವಾಡಿಯ ರೈಲಿಗೆ ಲಂಡನ್ ದುಡ್ಡು

ವಿದೇಶಿ ಬಂಡವಾಳ ಕರೆತಂದು ಮೂಲಸೌಕರ್ಯ ಕಟ್ಟುವುದು ಈಚಿನ ಹೂಡಿಕೆದಾರರ ಸಮಾವೇಶಗಳಿಂದ ಶುರುವಾದದ್ದಲ್ಲ. ಕಲಬುರಗಿ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲಕ್ಕೇ ಅದು ನಡೆದಿತ್ತು. ಈಗಿನ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತು. ಮುಂಬೈ–ಮದ್ರಾಸ್ ಮಾರ್ಗಕ್ಕೆ ನಿಜಾಮರ ರಾಜಧಾನಿ ಕೂಡಿಕೊಂಡಿತು. ಸಾಲದ ಹೊರೆ ಏರಿದಾಗ 1880ರ ದಶಕದಲ್ಲಿ ಲಂಡನ್ನಿನ ಕಂಪನಿಯೊಂದು ಈ ರೈಲುಮಾರ್ಗವನ್ನು ವಹಿಸಿಕೊಂಡಿತು. ರೈಲು ಗಳಿಸಲಿ ಬಿಡಲಿ, ಬಂಡವಾಳದ ಮೇಲೆ ಶೇ 5ರ ಆದಾಯಕ್ಕೆ ಸಂಸ್ಥಾನದ ಖಜಾನೆಯದೇ ಖಾತರಿ. ಹೂಡಿದವರಿಗೆ ಇದಕ್ಕಿಂತ ಸುಖದ ವ್ಯವಹಾರ ಉಂಟೆ?

ಹೀಗೆ ಲಂಡನ್ ದುಡ್ಡಿನಲ್ಲಿ ರೈಲು ವಿಸ್ತರಿಸುವ ಯೋಜನೆಯನ್ನು ಬಹಿರಂಗವಾಗಿ ಪ್ರಶ್ನಿಸಿದ ಅಘೋರನಾಥ ಚಟ್ಟೋಪಾಧ್ಯಾಯರನ್ನು (ಸರೋಜಿನಿ ನಾಯ್ಡು ಅವರ ತಂದೆ) 1883ರಲ್ಲಿ ಗಡಿಪಾರು ಮಾಡಲಾಯಿತು. ಕೊನೆಗೆ 1930ರಲ್ಲಿ ನಿಜಾಮ್ ಸರ್ಕಾರವೇ ರೈಲನ್ನು ಕೊಂಡುಕೊಂಡಿತು.